ಕ್ರಿಸ್‌ಮಸ್ ದಿನದ ಕೊಬ್ಬರಿ ಅಟ್ಟ

ಕ್ರಿಸ್‌ಮಸ್ ದಿನ ಮಧ್ಯಾಹ್ನ, ಘಾನಾ ದೇಶದ ಒಂದು ಅಡುಗೆಮನೆಯಲ್ಲಿ ಒಬ್ಬನೇ ಕೂತು ರಾಗಿಮುದ್ದೆ ತಿರುವುತ್ತಿದ್ದಾಗ ನನ್ನ ಮುಂಗೈ ಮೇಲೆ ಒಂದು ಹನಿ ಬಿತ್ತು. ಬೆವರು ಅಂದುಕೊಂಡು ಪಂಚೆಗೆ ಒರೆಸಿಕೊಂಡೆ. ಇನ್ನೊಂದು ಬಿತ್ತು. ಮೂಸಿ ನೋಡಿದರೆ ಹುಳಿ ವಾಸನೆ, ಹಳಸಿದ ಹಿಟ್ಟಿನ ಹಾಗೆ. ಮೊಬೈಲಿನ ಟಾರ್ಚ್ ಹಾಕಿ ತಲೆ ಎತ್ತಿದೆ. ಅಟ್ಟದ ಬಿದಿರುಗಳ ಸಂದಿನಿಂದ ಬಿಳಿ ಬೇರುಗಳು ಕೆಳಕ್ಕೆ ಇಳಿದಿದ್ದವು. ಕೆಲವು ಬೆರಳುದ್ದ, ಕೆಲವು ಗೇಣುದ್ದ. ಒಂದರ ತುದಿಯಲ್ಲಿ ಇನ್ನೊಂದು ಹನಿ ತುಂಬಿಕೊಳ್ಳುತ್ತಿತ್ತು.

ಆ ಅಟ್ಟದಲ್ಲಿ ಇದ್ದದ್ದು ಕೊಬ್ಬರಿ. ಇರಬೇಕಾಗಿದ್ದದ್ದು ಅಂತ ಹೇಳಬೇಕು.

ನಾನು ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯವನು. ಬಹಳ ವರ್ಷ ತುಮಕೂರಿನ ಅಂತರಸನಹಳ್ಳಿಯ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ನಮ್ಮ ಮಾಲೀಕರಿಗೆ ಬೇಕಾದ ವ್ಯಾಪಾರಿಯೊಬ್ಬರು ಇಲ್ಲಿನ ರಾಜಧಾನಿ ಅಕ್ರಾದಲ್ಲಿದ್ದಾರೆ. ಈ ದೇಶದ ಕರಾವಳಿಯಲ್ಲಿ ತೆಂಗು ಬೇಕಾದಷ್ಟಿದೆ, ಆದರೆ ಕಾಯಿಯನ್ನು ಹೋಳು ಮಾಡಿ ಒಣಗಿಸುತ್ತಾರೆ ಇಲ್ಲವೇ ಕುದಿಸಿ ಎಣ್ಣೆ ತೆಗೆಯುತ್ತಾರೆ, ಉಂಡೆ ಕೊಬ್ಬರಿ ಮಾಡುವವರಿಲ್ಲ, ಅಟ್ಟ ಗೊತ್ತಿರುವವನು ಒಬ್ಬ ಬೇಕು ಅಂದರಂತೆ. ಹುಟ್ಟಿದಾಗಿನಿಂದ ಅಟ್ಟದ ಕೆಳಗೇ ಮಲಗಿ ಬೆಳೆದವನು ನಾನು. ಯುಗಾದಿ ಮುಗಿಸಿಕೊಂಡು ಹೊರಟುಬಂದೆ.

ಉಂಡೆ ಕೊಬ್ಬರಿ ನಮ್ಮ ಕಡೆ ಹೇಗಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಆಯಿತು. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ತನ್ನ ಕೆಲಸ ತಾನು ಮಾಡುತ್ತದೆ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ನಾವು ಮಾಡುವುದು ಕಾಯುವುದು ಮಾತ್ರ.

ಇಲ್ಲಿ ನನಗೆ ಇರಲು ಜಾಗ ಕೊಟ್ಟವಳು ಎಸಿ ಅನ್ನುವ ಹೆಂಗಸು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳು, ಗಂಡ ಇಲ್ಲ, ಒಬ್ಬಳೇ ಮಗಳನ್ನು ದೂರದ ಊರಿಗೆ ಕೊಟ್ಟಿದ್ದಾಳೆ. ಊರಿನವರೆಲ್ಲ ಅವಳನ್ನು ಮಾಮೆ ಎಸಿ ಅನ್ನುತ್ತಾರೆ. ಮಾಮೆ ಅಂದರೆ ತಾಯಿ. ನಾನೂ ಹಾಗೇ ಅನ್ನುತ್ತೇನೆ. ಅವಳದು ಸಮುದ್ರದ ಪಕ್ಕದಲ್ಲೇ ಸಣ್ಣ ತೆಂಗಿನ ತೋಟ. ಪ್ರತಿ ವರ್ಷ ಆ ಕಾಯಿಯಿಂದ ಎಣ್ಣೆ ಕಾಯಿಸಿ, ಬಾಟಲಿಗೆ ತುಂಬಿ ಸಂತೆಯಲ್ಲಿ ಮಾರುತ್ತಿದ್ದಳು. ಅವಳ ಬದುಕು ಅಷ್ಟೇ. ನನ್ನ ಮಾತು ಕೇಳಿ ಈ ವರ್ಷದ ಒಳ್ಳೆಯ ಕಾಯಿಯನ್ನೆಲ್ಲ ಅಟ್ಟಕ್ಕೆ ಬಿಟ್ಟಳು. ಎಣ್ಣೆ ಬಾಣಲೆಯನ್ನು ಬೋರಲು ಹಾಕಿದಳು. ಕೊಬ್ಬರಿ ಬಂದರೆ ವ್ಯಾಪಾರಿಗಳು ಇಲ್ಲೇ ಒಂದು ಯೂನಿಟ್ ತೆರೆಯುತ್ತಾರೆ, ಮೊದಲ ಕಾಯಿ ಅವಳ ತೋಟದ್ದೇ ಅಂತ ಮಾತಾಗಿತ್ತು. ಅಟ್ಟವನ್ನು ಅವಳ ಅಡುಗೆಮನೆಯ ಮೇಲೆಯೇ ಕಟ್ಟಿಸಿದೆ.

ನಾವಿಬ್ಬರೂ ಮಾತಾಡುವುದು ಮುರುಕು ಇಂಗ್ಲಿಷಿನಲ್ಲಿ. ಆದರೂ ಅವಳ ಮಾತು ನನ್ನ ಕಿವಿಗೆ ನಮ್ಮೂರಿನ ಹೆಂಗಸರ ಮಾತಿನ ಹಾಗೇ ಬೀಳುತ್ತದೆ. ಇಲ್ಲಿ ಹಾಗೇ ಬರೆಯುತ್ತೇನೆ.

ಮೊದಲ ದಿನ ಅವಳು ಬಂಕು ಬಡಿಸಿದಳು. ಮುಸುಕಿನ ಜೋಳ ಮತ್ತು ಮರಗೆಣಸಿನ ಹುಳಿಹಿಟ್ಟಿನ ಮುದ್ದೆ ಅದು. ಪಾತ್ರೆ ಅಲ್ಲಾಡದ ಹಾಗೆ ಕಬ್ಬಿಣದ ಕವೆಗೋಲು ಒತ್ತಿ ಹಿಡಿದು, ಮರದ ಕೋಲಿನಲ್ಲಿ ತಿರುವುತ್ತಾಳೆ. ನಾನು ನಮ್ಮ ಅಭ್ಯಾಸದಂತೆ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದೆ. ಅವಳು ಸೌಟು ಹಿಡಿದವಳು ಹಾಗೇ ನಿಂತಳು.

"ಎಲ್ಲಿ ಕಲ್ತೆ ಇದನ್ನ?"

"ನಮ್ಮೂರಲ್ಲೂ ನುಂಗೋದೇ, ಮಾಮೆ."

"ಹೊರಗಿಂದ ಬಂದೋರೆಲ್ಲ ಅಗೀತಾ ಕೂರ್ತಾರೆ ಕಣಪ್ಪ, ಮೇಕೆ ಕೂತಂಗೆ. ನೋಡಿ ನೋಡಿ ನಂಗೇ ದವಡೆ ನೋವು." ಆಮೇಲೆ ನಾನು ಯಾವ ವಾರ ಹುಟ್ಟಿದ್ದು ಅಂತ ಕೇಳಿದಳು. ಮಂಗಳವಾರ ಅಂದೆ. ಇಲ್ಲಿ ಹುಟ್ಟಿದ ವಾರದ ಮೇಲೇ ಹೆಸರು. ಆವತ್ತಿನಿಂದ ನಾನು ಕೊಬಿನಾ.

ಅವಳ ಸಾರಿನಲ್ಲೆಲ್ಲ ಮೀನು ಇರುವುದರಿಂದ ಹೆಚ್ಚಾಗಿ ನನ್ನ ಊಟ ರಸ್ತೆ ಬದಿಯ ಚಾಪ್ ಬಾರಿನಲ್ಲಿ, ಅಡುಗೆಮನೆಗೆ ಹೋಗುವುದೇ ಅಪರೂಪ, ಹೋದರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಚಾಪ್ ಬಾರ್ ಅಂದರೆ ನಮ್ಮ ಮೆಸ್ಸಿನಂಥ ಊಟದ ಅಂಗಡಿ. ಅಲ್ಲಿ ಅಲಸಂದೆಯಂಥ ಒಂದು ಕಾಳನ್ನು ಬೇಯಿಸಿ, ಕರಿದ ಬಾಳೆಹಣ್ಣಿನ ಜೊತೆ ಕೊಡುತ್ತಾರೆ. ಆ ಅಂಗಡಿಯ ಹೆಸರನ್ನು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಬಾರಲ್ಲಿ ಉಣ್ತಿದೀರಾ?" ಅಂದಳು ನನ್ನ ಹೆಂಡತಿ ಜಯಮ್ಮ. "ಊಟದ ಬಾರು ಕಣೇ." "ಊಹೂಂ, ಎಲ್ಲ ಗಂಡಸ್ರೂ ಹೇಳೋದು ಅದೇಯ."

ಅಟ್ಟ ತುಂಬಿದ ದಿನ ನಾನು ನಮ್ಮ ಮನೆಯ ಕ್ರಮದಂತೆ ಹೊರಗೋಡೆಯ ಮೇಲ್ಭಾಗದಲ್ಲಿದ್ದ ಅದರ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಎಲ್ಲರನ್ನೂ ಕರೆದು ಹೇಳಿದೆ: ಬಾಗಿಲು ತೆಗೆಯಬೇಡಿ. ಮೇಲಕ್ಕೆ ಬೆರಳು ತೋರಿಸಬೇಡಿ. ಕಾಯಿ ಏನಾಯಿತು, ಆಯಿತಾ, ಇಲ್ಲವಾ ಅಂತ ಯಾರೂ ಬಾಯಿ ಬಿಟ್ಟು ಕೇಳಬೇಡಿ, ಕಣ್ಣು ಬೀಳುತ್ತದೆ. ನಮ್ಮಪ್ಪ ಹೇಳುತ್ತಿದ್ದದ್ದು ಅಕ್ಷರಶಃ ಇದೇ. ನಮ್ಮೂರಲ್ಲಿ ಮನೆಗೆ ಬಂದ ನೆಂಟರು ಕೂಡ ಅಟ್ಟದ ಮಾತೆತ್ತುವುದಿಲ್ಲ. ಇಲ್ಲಿಯವರು ನನ್ನ ಮಾತನ್ನು ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ತೆಗೆದುಕೊಂಡರು. ಕಾಯಿ ಹೊರಲು ಬಂದಿದ್ದ ಒಬ್ಬ ಆಳು ಆ ಬಾಗಿಲಿನ ಕೆಳಗೆ ಹಾದುಹೋಗುವಾಗ ಟೋಪಿ ತೆಗೆಯುತ್ತಿದ್ದ. ನಾನು ಬೇಡ ಅನ್ನಲಿಲ್ಲ. ಒಳಗೊಳಗೇ ಸಂತೋಷವಾಗಿತ್ತು.

ಆಮೇಲೆ ಮಳೆ ಶುರುವಾಯಿತು. ನಮ್ಮ ಗುಬ್ಬಿ ಕಡೆಯ ಮಳೆಯನ್ನು ನೆನೆಸಿಕೊಳ್ಳಬೇಡಿ. ಅಲ್ಲಿ ಮೋಡ ಕಂಡರೆ ಹೊರಗೆ ಬಂದು ನಿಂತು ನೋಡುತ್ತೇವೆ. ಇಲ್ಲಿ ವಾರಗಟ್ಟಲೆ ಹುಯ್ಯುತ್ತದೆ. ಒಗೆದ ಅಂಗಿ ಹಗ್ಗದ ಮೇಲೇ ಬೂಷ್ಟು ಹಿಡಿಯಿತು. ತಂದಿದ್ದ ಉಪ್ಪಿನ ಪೊಟ್ಟಣ ನೀರಾಯಿತು. ಇಷ್ಟೆಲ್ಲ ಕಣ್ಣೆದುರಿಗೆ ನಡೆಯುತ್ತಿದ್ದರೂ ಅಟ್ಟದೊಳಗೆ ಏನಾಗುತ್ತಿದೆ ಅನ್ನುವ ಪ್ರಶ್ನೆ ನನಗೆ ಬರಲಿಲ್ಲ. ಅಟ್ಟ ಅಂದರೆ ನನ್ನ ಮನಸ್ಸಿನಲ್ಲಿ ಹಾಗಲವಾಡಿಯ ಅಟ್ಟ. ಅದು ಎಲ್ಲಿದ್ದರೂ ಒಣಗಿಯೇ ಇರುವಂಥದ್ದು.

ಡಿಸೆಂಬರಿನಲ್ಲಿ ಊರು ಬೇರೆಯಾಯಿತು. ನಮ್ಮಲ್ಲಿ ಆ ತಿಂಗಳು ಅಂದರೆ ಮಂಕಿ ಟೋಪಿ, ಅವರೆಕಾಯಿ ಸೊಗಡು, ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬಾಯಿಂದ ಹೊಗೆ. ಇಲ್ಲಿ ಕೂತಲ್ಲೇ ಬೆವರು, ಆದರೂ ಅಂಗಡಿಗಳ ಗಾಜಿನ ಮೇಲೆ ಹತ್ತಿ ಅಂಟಿಸಿ ಹಿಮ ಮಾಡಿದ್ದರು. ಬೀದಿಗೊಂದು ಸ್ಪೀಕರು. ದಂಡೆಯ ದೋಣಿಗಳಿಗೆಲ್ಲ ಹೊಸ ಬಣ್ಣ. ನಮ್ಮ ಹಬ್ಬಗಳಲ್ಲಿ ಬೆಂಗಳೂರಿನ ಬಸ್ಸು ತುಂಬುವ ಹಾಗೆ ಇಲ್ಲಿ ಕ್ರಿಸ್‌ಮಸ್‌ಗೆ ವ್ಯಾನುಗಳು ತುಂಬುತ್ತವೆ. ಟಾಪಿನ ಮೇಲೆ ಗೆಣಸಿನ ಚೀಲ, ಕಾಲು ಕಟ್ಟಿದ ಮೇಕೆ, ಎಲ್ಲರೂ ಅವರವರ ಊರಿಗೆ.

ಮಾಮೆ ಮಗಳ ಮನೆಗೆ ಹೊರಟಳು. ನನ್ನನ್ನೂ ಕರೆದಳು.

"ಒಬ್ನೇ ಏನ್ ಮಾಡ್ತೀಯ ಇಲ್ಲಿ? ಬಾ, ಮೊಮ್ಮಕ್ಳು ಅವ್ರೆ, ಅಳಿಯ ಅವ್ನೆ. ಮೀನು ಹಾಕ್ದೆ ಮಾಡಿಸ್ತೀನಿ."

"ಅಟ್ಟ ಬಿಟ್ಟು ಬರಂಗಿಲ್ಲ ಮಾಮೆ. ಕಡೇ ತಿಂಗಳುಗಳು."

ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಅಡುಗೆಮನೆಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, "ದಿನಾ ಒಂದ್ಸಲ ಒಳಗೆ ಹೋಗಿ ಬಾ" ಅಂದಳು. ಶೇಂಗಾ ಸಾರು, ಅನ್ನ ಮಾಡಿಟ್ಟಿದ್ದನ್ನು ನನ್ನ ಕೋಣೆಗೇ ತಂದುಕೊಟ್ಟು ವ್ಯಾನು ಹತ್ತಿದಳು. ಊಟ ಕೋಣೆಯಲ್ಲೇ ಇತ್ತಲ್ಲ, ನಾನು ಅಡುಗೆಮನೆಯ ಬೀಗ ತೆಗೆಯಲಿಲ್ಲ.

ಕ್ರಿಸ್‌ಮಸ್ ನನ್ನ ಹಬ್ಬವಲ್ಲ. ತುಮಕೂರಿನಲ್ಲಿ ನಾವು ಬಾಡಿಗೆಗಿದ್ದ ಬೀದಿಯಲ್ಲಿ ಒಬ್ಬರು ಟೀಚರಮ್ಮ ಇದ್ದರು. ಆವತ್ತು ಅವರ ಮನೆಯಿಂದ ಕ್ರೋಷಾ ಬಟ್ಟೆ ಮುಚ್ಚಿದ ಒಂದು ತಟ್ಟೆ ಬರುತ್ತಿತ್ತು, ಕೇಕು, ಕಜ್ಜಾಯ, ಅಚ್ಚಿನ ಮುರುಕು. ಜಯಮ್ಮ ತಟ್ಟೆ ತೊಳೆದು, ಬರಿದಾಗಿ ಕೊಡಬಾರದೆಂದು ಸಕ್ಕರೆ ಹಾಕಿ ವಾಪಸ್ ಕೊಡುತ್ತಿದ್ದಳು. ನನಗೆ ಹಬ್ಬ ಅಂದರೆ ಅಷ್ಟೇ. ಹಾಗಾಗಿ ಒಬ್ಬನೇ ಇದ್ದರೆ ಏನೂ ಅನ್ನಿಸುವುದಿಲ್ಲ ಅಂದುಕೊಂಡಿದ್ದೆ. ಆದರೆ ಹಬ್ಬ ಯಾರದಾದರೇನು, ಎಲ್ಲರೂ ಒಳಗಿದ್ದು ನಾನೊಬ್ಬ ಹೊರಗಿದ್ದಾಗ ಊರಿನ ಸದ್ದೇ ಬೇರೆಯಾಗಿ ಕೇಳುತ್ತದೆ. ಹಿಂದಿನ ಸಂಜೆಯಿಂದಲೇ ಚರ್ಚಿನ ಡ್ರಮ್ಮು. ಪಕ್ಕದ ಮನೆಯಲ್ಲಿ ಪಾತ್ರೆ ಸದ್ದು, ನಗು, ಯಾರೋ ಯಾರನ್ನೋ ಬೈಯುವುದು. ನನ್ನ ಜೊತೆ ಮಾತಾಡಿದ್ದು ಮೊಬೈಲ್ ಕಂಪನಿಯ ಮೆಸೇಜು ಒಂದೇ.

ಬೆಳಿಗ್ಗೆ ಹೊತ್ತಿಗೆ ಶೇಂಗಾ ಸಾರು ಮುಗಿದಿತ್ತು. ಚಾಪ್ ಬಾರು ಮುಚ್ಚಿತ್ತು. ಬ್ಯಾಗಿನ ತಳದಲ್ಲಿ ಊರಿನಿಂದ ತಂದ ರಾಗಿಹಿಟ್ಟು ಸ್ವಲ್ಪ ಉಳಿದಿತ್ತು. ಅದನ್ನು ತೆಗೆದುಕೊಂಡು ಅಡುಗೆಮನೆಯ ಬೀಗ ತೆಗೆದೆ. ಅಲ್ಲಿ ಆ ಹನಿ ಬಿತ್ತು.

ಟಾರ್ಚನ್ನು ಕೆಳಕ್ಕೆ ತಿರುಗಿಸಿದಾಗ ಇನ್ನೊಂದು ಸಂಗತಿ ಕಂಡಿತು. ಗೋಡೆಯ ಬದಿಗೆ, ಮೂಲೆಗೆ, ಕಪಾಟಿನ ಮೇಲೆ ಬೇಸಿನ್ನುಗಳು. ಮೊದಲೂ ನೋಡಿದ್ದೆ, ಪಾತ್ರೆ ತೊಳೆಯುವುದಕ್ಕೆ ಇಟ್ಟಿದ್ದಾಳೆ ಅಂದುಕೊಂಡಿದ್ದೆ. ಒಂದೊಂದೂ ಹನಿ ಬೀಳುವ ಜಾಗಕ್ಕೆ ಸರಿಯಾಗಿ ಇತ್ತು. ಚೆಲ್ಲುವವರಿಲ್ಲದೆ ಕಂದು ನೀರು ತುಂಬಿ ತುಳುಕಿತ್ತು. ಮಾಮೆಗೆ ಗೊತ್ತಿತ್ತು. ಎಷ್ಟೋ ದಿನದಿಂದ ಗೊತ್ತಿತ್ತು. ದಿನವೂ ಆ ನೀರು ಚೆಲ್ಲಿ, ಬೇಸಿನ್ನು ತೊಳೆದಿಟ್ಟು, ನನಗೆ ಏನೂ ಹೇಳದೆ ಬಂಕು ತಿರುವುತ್ತಿದ್ದಳು.

ಮುದ್ದೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಬೀದಿಗೆ ಓಡಿದೆ. ಇಬ್ಬರು ಆಳು ಸಿಕ್ಕಿದರೆ ಕಾಯಿ ಇಳಿಸಿ ನೋಡಬಹುದಿತ್ತು. ಚರ್ಚು ಬಿಟ್ಟಿತ್ತು. ಬೆಳ್ಳಗೆ ಬಟ್ಟೆ ಹಾಕಿಕೊಂಡ ಜನ ರಸ್ತೆ ತುಂಬ. "ಅಫಿಶ್ಯಪ, ಅಫಿಶ್ಯಪ" ಅಂದರು ಕಂಡಕಂಡವರೆಲ್ಲ. ವರ್ಷ ಒಳ್ಳೆಯದಾಗಿ ತಿರುಗಿ ಬಂತು ಅನ್ನುವ ಹಾರೈಕೆ ಅದು. ಕಾಯಿ ಹೊರಲು ಬಂದಿದ್ದ ಆ ಟೋಪಿಯವನೂ ಸಿಕ್ಕಿದ. ಹೊಸ ಶರ್ಟು, ಹೆಗಲ ಮೇಲೆ ಮಗು. ನನ್ನ ಕೈಗೆ ಒಂದು ಬಿಸ್ಕತ್ ಪೊಟ್ಟಣ ಇಟ್ಟು, "ಏನಣ್ಣ, ಒಲೆ ಮುಂದಿಂದ ಎದ್ದು ಬಂದಂಗಿದೀಯ?" ಅಂದ.

ಏನು ಹೇಳಲಿ? ಯುಗಾದಿ ದಿನ ಹೊಸ ಬಟ್ಟೆ ಹಾಕಿಕೊಂಡು ಒಬ್ಬಟ್ಟಿಗೆ ಕೂರುವಾಗ ಯಾರಾದರೂ ಬಂದು ಅಟ್ಟ ಇಳಿಸು ಬಾ ಅಂದರೆ ನಾನು ಹೋಗುತ್ತಿದ್ದೆನಾ? "ಅಫಿಶ್ಯಪ" ಅಂದೆ. ಬಿಸ್ಕತ್ ಪೊಟ್ಟಣ ಹಿಡಿದುಕೊಂಡು ವಾಪಸ್ ಬಂದೆ.

ಜಯಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಸಂಜೆ. ಅವಳ ತಮ್ಮ ಗಂಗಾಧರ ಹುತ್ರಿದುರ್ಗದಿಂದ ಬಂದಿದ್ದ. ಅವನ ಮನೆಯಲ್ಲಿ ಈಗಲೂ ದೊಡ್ಡ ಅಟ್ಟ ಇದೆ.

"ಉಂಡ್ರಾ?" ಅಂದಳು.

"ಅಟ್ಟದಿಂದ ಬೇರು ಇಳಿದವೆ ಕಣೇ."

"ಕಾಯಿಂದಲಾ?" ಅಂದವಳು, ಫೋನನ್ನು ತಮ್ಮನ ಕೈಗೆ ಕೊಟ್ಟಳು.

"ಭಾವ, ನೀವು ಮಾಡಿರೋದು ಅಟ್ಟನೋ ನರ್ಸರಿನೋ?" ಅಂದ ಗಂಗಾಧರ. ನಾನು ನಗಲಿಲ್ಲ. ಅವನ ದನಿ ಇಳಿಯಿತು. "ಗಾಳಿ ಹೆಂಗೈತೆ ಅಲ್ಲಿ? ಒಣಗಾಳೀನಾ?"

"ಸಮುದ್ರದ ಗಾಳಿ. ಉಪ್ಪೇ ನೀರಾಗೋಯ್ತು."

"ಹಂಗಾರೆ ಬಾಗಿಲು ಯಾಕ್ ಹಾಕಿದ್ರಿ ಭಾವ? ತೆಗೆದು ನೋಡ್ಬಾರ್ದಾಗಿತ್ತಾ?"

"ನಿಮ್ಮನೇಲಿ ಯಾರು ತೆಗೀತಾರಪ್ಪ? ನೀನು ತೆಗೀತೀಯ?"

"ಇಲ್ಲ ಬುಡಿ" ಅಂದ. "ಈಗ ಒಂದ್ ಕೆಲಸ ಮಾಡಿ. ಚೆನ್ನಾಗಿ ಹೊಗೆ ಹಾಕಿ. ಉಳಿಯೋದು ಉಳೀಲಿ."

ಹೊಗೆ ಹಾಕಿದೆ. ಹಿತ್ತಿಲಿನಲ್ಲಿದ್ದ ಸಿಪ್ಪೆ, ಗರಿ ಎಲ್ಲ ತಂದು ಒಲೆಗೆ ತುರುಕಿದೆ. ಎಲ್ಲವೂ ಹಸಿ. ಹೊಗೆ ಮೇಲಕ್ಕೆ ಹೋಗದೆ ನನ್ನ ಕಣ್ಣಿಗೇ ಬಂತು. ಕೆಮ್ಮಿ ಕೆಮ್ಮಿ ಹೊರಗೆ ಬಂದು, ಏಣಿ ಹಾಕಿ ಹತ್ತಿ, ನಿಂಬೆಹಣ್ಣಿನ ದಾರ ಕಿತ್ತು ಬಾಗಿಲು ತಳ್ಳಿದೆ. ತೆರೆಯಲಿಲ್ಲ. ಒಳಗಿನಿಂದ ಮೊಳಕೆಗಳು ಬಾಗಿಲಿಗೆ ಒತ್ತಿಕೊಂಡಿದ್ದವು. ಹೆಗಲು ಕೊಟ್ಟು ನೂಕಿದಾಗ ಸಂದಿನಲ್ಲಿ ಕಂಡದ್ದು ಕತ್ತಲಲ್ಲಿ ಬಿಳಿಚಿಕೊಂಡ ಎಳೆ ಗರಿಗಳು, ಸೂರಿಗೆ ತಾಗಿ ಬಾಗಿದ್ದವು. ಹಳ್ಳಿಯಲ್ಲಿ ಇಂಥ ಸಸಿ ಸಿಕ್ಕಿದರೆ ಎತ್ತಿ ಮುದ್ದಾಡುತ್ತೇವೆ. ನಾನು ಏಣಿಯ ಮೇಲೇ ತಲೆ ಹಿಡಿದು ಕೂತೆ.

ಕೈಗೆ ಸಿಕ್ಕಷ್ಟು ಇಳಿಸಿದೆ. ಒಬ್ಬನೇ ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಕಾಯಿ. ಕೊಳೆತದ್ದು ಹಿಡಿದ ಕಡೆಯೇ ಕುಸಿಯುತ್ತಿತ್ತು. ಬೆನ್ನು ಹಿಡಿದುಕೊಂಡಿತು, ಸಂಜೆಯಾಯಿತು, ಅಟ್ಟ ಇನ್ನೂ ತುಂಬಿದ ಹಾಗೇ ಇತ್ತು. ತಣ್ಣಗಾಗಿ ಪದರುಗಟ್ಟಿದ ಮುದ್ದೆಯನ್ನು ಶೇಂಗಾ ಚಟ್ನಿ ಇಲ್ಲದೆ, ಸಾರಿಲ್ಲದೆ, ಹೊಸ್ತಿಲ ಮೇಲೆ ಕೂತು ತಿಂದೆ. ನುಂಗುವ ಹಾಗಿರಲಿಲ್ಲ. ಅವತ್ತು ಅಗಿದೆ.

ಮರುದಿನವೂ ಇಲ್ಲಿ ರಜ. ಅದರ ಮರುದಿನವೂ ಯಾರೂ ಬರಲಿಲ್ಲ. ಮಾಮೆಗೆ ಫೋನ್ ಮಾಡಲು ಎಷ್ಟೋ ಸಲ ನಂಬರ್ ತೆಗೆದು ಇಟ್ಟುಬಿಟ್ಟೆ. ಮೊಮ್ಮಕ್ಕಳ ನಡುವೆ ಕೂತಿರುತ್ತಾಳೆ. ಹೇಳಿ ಮಾಡುವುದಾದರೂ ಏನು? ನಾನು ಹೇಳಬೇಕಾದದ್ದು ಅವಳಿಗೆ ನನಗಿಂತ ಮೊದಲೇ ಗೊತ್ತಿದೆ. ಬೇಸಿನ್ನು ತುಂಬಿದಾಗ ಚೆಲ್ಲಿ ಬಂದು ಇಡುತ್ತಿದ್ದೆ, ಅವಳು ಇಡುತ್ತಿದ್ದ ಜಾಗದಲ್ಲೇ.

ವ್ಯಾನಿನಿಂದ ಇಳಿದವಳು ಮೊದಲು ನೋಡಿದ್ದು ಅಂಗಳದಲ್ಲಿ ಹರಡಿದ್ದ ಕಾಯಿಗಳನ್ನು. ಆಮೇಲೆ ನನ್ನ ಮುಖ.

"ತಿಂದೆಯಾ ಏನಾದ್ರೂ?" ಅಂದಳು.

"ಮಾಮೆ, ನಿನಗೆ ಗೊತ್ತಿತ್ತು."

"ಗೊತ್ತಿತ್ತು ಕಣಪ್ಪ. ಎರಡ್ನೇ ಮಳೆಗೇ ಗೊತ್ತಾಯ್ತು."

"ಯಾಕೆ ಹೇಳಲಿಲ್ಲ?"

ಅವಳು ಬ್ಯಾಗು ಕೆಳಗಿಟ್ಟಳು. "ನೀನೇ ಅಲ್ವಾ ಹೇಳಿದ್ದು, ಅದರ ಮಾತೆತ್ತಬೇಡಿ ಅಂತ? ಹಣ್ಣು ಕಟ್ಟಿದ್ದೆ, ಮೆಣಸಿನಕಾಯಿ ಕಟ್ಟಿದ್ದೆ. ನಿಮ್ಮ ದೇವರ ವಿಷಯ ಅಂದ್ಕೊಂಡೆ. ನಮ್ಮ ಚರ್ಚಲ್ಲಿ ಯಾರಾದ್ರೂ ಬಂದು ಬಾಯಿ ಹಾಕಿದ್ರೆ ನಂಗೆ ಹೆಂಗಾಗ್ತಿತ್ತು? ನಿಮ್ಮೂರಲ್ಲಿ ನೀರು ಸೋರೇ ಆಗೋದೇನೋ, ಕಡೇಲಿ ಸರಿಹೋಗೋದೇನೋ ಅಂತ ಕಾಯ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಸೀರೆಯಂಥ ತನ್ನ ಬಟ್ಟೆಯನ್ನು ಸೊಂಟಕ್ಕೆ ಬಿಗಿದು ಏಣಿ ಹಿಡಿದಳು. ಟೋಪಿಯವನೂ ಬಂದ. ಮೂವರೂ ಅಟ್ಟ ಇಳಿಸಿದೆವು. ಅರ್ಧದಷ್ಟು ಕೊಳೆತು ಹೋಗಿತ್ತು. ಉಳಿದದ್ದು ಮೊಳೆತಿತ್ತು. ಒಲೆಗೆ ನೇರವಾಗಿದ್ದ ಒಂದು ಮೂಲೆಯಲ್ಲಿ ಮಾತ್ರ ಮಡಿಲಲ್ಲಿ ತುಂಬಿಕೊಳ್ಳುವಷ್ಟು ಕಾಯಿ ಒಣಗಿದ್ದವು. ಒಂದನ್ನು ಅಲ್ಲಾಡಿಸಿದೆ, ಗಡಗಡ ಅಂದಿತು. ಸಿಪ್ಪೆ ಸುಲಿದು, ಚಿಪ್ಪು ತಟ್ಟಿ, ಉಂಡೆ ಒಡೆಯದ ಹಾಗೆ ತೆಗೆದು ಅವಳ ಕೈಗೆ ಕೊಟ್ಟೆ. ನಮ್ಮೂರಿನ ಕೊಬ್ಬರಿಯೇ, ಬಣ್ಣ, ವಾಸನೆ, ಎಲ್ಲ. ಅವಳು ಚೂರು ಕಚ್ಚಿ ಬಹಳ ಹೊತ್ತು ಅಗಿದಳು.

"ಸಿಹಿಯಾಗೈತೆ" ಅಂದಳು. "ಇದಕ್ಕೆ ಇಷ್ಟು ಕಾಯಬೇಕಾ ನಿಮ್ಮೂರಲ್ಲಿ?"

ಹೊಸ ವರ್ಷ ಕಳೆದ ಮೇಲೆ ಅಕ್ರಾದಿಂದ ವ್ಯಾಪಾರಿಯ ಮ್ಯಾನೇಜರ್ ಬಂದು ನೋಡಿ ಹೋದರು. ಈ ಕಡೆ ಇದು ಆಗುವ ಕೆಲಸ ಅಲ್ಲ ಬಿಡಿ ಅಂದರು. ಕೋಪವೇನೂ ಮಾಡಲಿಲ್ಲ. ಶಿವರಾತ್ರಿಗೆ ಮುಂಚೆ ಟಿಕೆಟ್ ಮಾಡಿಸುತ್ತೇವೆ, ಅಲ್ಲಿಯತನಕ ಆರಾಮಾಗಿರಿ ಅಂದರು. ಇಲ್ಲಿ ಆಗದಿದ್ದರೆ ಅವರಿಗೆ ಇನ್ನೊಂದು ಕರಾವಳಿ ಇದೆ. ಮಾಮೆಗಾದ ನಷ್ಟದ ವಿಷಯ ಕೇಳಿದೆ. "ಅವರ ಕಾಯಿ, ಅವರ ಇಷ್ಟದ ಮೇಲೇ ಕೊಟ್ಟಿದ್ದಲ್ವಾ?" ಅಂದರು.

ಈಗ ಮಾಮೆ ಬೆಳಿಗ್ಗೆ ಎದ್ದು ಬೇರೆಯವರ ಎಣ್ಣೆ ಬಾಟಲಿಗಳನ್ನು ತಲೆ ಮೇಲೆ ಹೊತ್ತು ಸಂತೆಗೆ ಹೋಗುತ್ತಾಳೆ. ನಾನು ಹೊರುತ್ತೇನೆ ಅಂದರೆ ಬೇಡ ಅನ್ನುತ್ತಾಳೆ, ಗಂಡಸು ಹೊತ್ತರೆ ಜನ ನಗುತ್ತಾರಂತೆ. ಮಧ್ಯಾಹ್ನ ಬಂದು ನನ್ನ ಜೊತೆ ತೋಟಕ್ಕಿಳಿಯುತ್ತಾಳೆ. ಅಲ್ಲಿ ಹಿಂದೆ ಯಾವುದೋ ರೋಗ ಬಂದು ಮರಗಳು ಹೋಗಿ ಖಾಲಿ ಬಿದ್ದ ಜಾಗವಿದೆ. ಮೊಳೆತ ಕಾಯಿಗಳಲ್ಲಿ ಗಟ್ಟಿಯಾದವನ್ನು ಆರಿಸಿ ನೆಡುತ್ತಿದ್ದೇವೆ. ಇದು ಫಸಲಿಗೆ ಬರುವ ಹೊತ್ತಿಗೆ ಅವಳ ಮೊಮ್ಮಕ್ಕಳು ದೊಡ್ಡವರಾಗಿರುತ್ತಾರೆ. ಈ ವರ್ಷದ ಒಲೆಗೆ ಅದರಿಂದ ಏನೂ ಇಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಸುಮ್ಮನೆ ಕೂರಲಾಗದೆ ಗುಂಡಿ ತೋಡುತ್ತೇನೆ. ಗುಬ್ಬಿಗೆ ಹೋಗುವ ದಿನವನ್ನು ಒಂದು ಕಡೆ ಎದುರು ನೋಡುತ್ತೇನೆ. ಇನ್ನೊಂದು ಕಡೆ, ಎರಡು ದಿನ ನೀರು ಕಾಣದಿದ್ದರೆ ಯಾವ ಸಸಿ ಬಾಡುತ್ತದೆ ಅಂತ ನನಗೆ ಗೊತ್ತಾಗಿ ಹೋಗಿದೆ.

ಮೊನ್ನೆ ಗುಂಡಿಯಲ್ಲಿ ನಿಂತಿರುವಾಗಲೇ ಜಯಮ್ಮನ ಫೋನು ಬಂತು. ಅವಳು ಊರಿನಲ್ಲಿ ನಮ್ಮ ತೋಟಕ್ಕೆ ಮೋಟರ್ ಹಾಕಿ ನಿಂತಿದ್ದಳು. ನೀರು ಬೀಳುವ ಸದ್ದು ಕೇಳುತ್ತಿತ್ತು.

"ಟಿಕೆಟ್ ಬಂತಾ?"

"ಬರ್ತದೆ. ಇನ್ನ ಮೂರು ಸಾಲು ನೆಡೋದೈತೆ."

"ಯಾರ ತೋಟಕ್ಕೆ ಅಷ್ಟು ದುಡೀತಿದೀರಿ?"

"ನಮ್ದೇ ಕಣೇ" ಅಂದೆ. ಹೇಳಿದ ಮೇಲೆ ನನಗೇ ಕೇಳಿಸಿತು.

ಅವಳು ನಿಧಾನವಾಗಿ ಕೇಳಿದಳು: "ಹಂಗಾರೆ ನಾನು ನೀರು ಕಟ್ತಿರೋದು ಯಾರ್ದುಕ್ಕೆ?"

ಸಾಲಿನ ಆಚೆ ತುದಿಯಿಂದ ಮಾಮೆ ಒಂದು ಸಸಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, "ಹಿಡ್ಕೋ ಕೊಬಿನಾ, ಬೇರು ಮುರಿದೀತು" ಅಂದಳು. ಫೋನನ್ನು ಹಾಗೇ ಜೇಬಿಗೆ ಹಾಕಿ ಕೈ ಚಾಚಿದೆ. ಮಣ್ಣು ಎಳೆದು ಮುಚ್ಚುವ ತನಕವೂ ಜೇಬಿನೊಳಗಿಂದ ಜಯಮ್ಮ "ಹಲೋ, ಇದೀರಾ? ಹಲೋ" ಅನ್ನುತ್ತಲೇ ಇದ್ದಳು.